ಅರ್ಧ ಸಾಕ್ಷಿ

ಲಂಡನ್ನಿನ ಕ್ರೋಯ್ಡನ್ನಿನಲ್ಲಿ, ನಗರಸಭೆ ಬಾಡಿಗೆಗೆ ಕೊಡುವ ಕೌನ್ಸಿಲ್ ಫ್ಲಾಟಿನಲ್ಲಿ ಒಬ್ಬಳೇ ವಾಸವಾಗಿದ್ದ ಎನಿಡ್ ಕ್ಯಾಡಗನ್‌ಗೆ ಆ ಭಾನುವಾರ ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ. ಚರ್ಚಿನಲ್ಲಿ ಎದ್ದು ನಿಂತಳು, ಬಾಯಿ ತೆರೆದಳು, ನಿಜವನ್ನೇ ಹೇಳಿದಳು. ಅರ್ಧ ಹೇಳಿ ಕೂತುಬಿಟ್ಟಳು, ಅಷ್ಟೇ.

ಲಂಡನ್ನಿನಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷದ ಮಾತು. ಎನಿಡ್ ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದವಳು. ಹುಡುಗಿಯಾಗಿ ಇಲ್ಲಿಗೆ ಬಂದು, ಶಾಲೆಯೊಂದರ ಅಡುಗೆಮನೆಯಲ್ಲಿ ಜೀವ ತೇದು, ಈಗ ನಿವೃತ್ತಳು. ಅವಳ ಚರ್ಚಿನವರೂ ಹೆಚ್ಚುಕಡಿಮೆ ಎಲ್ಲ ಆ ಕಡೆಯ ದ್ವೀಪಗಳವರೇ. ಅಲ್ಲೊಂದು ಪದ್ಧತಿ: ಪ್ರಾರ್ಥನೆಯ ನಡುವೆ ಯಾರು ಬೇಕಾದರೂ ಎದ್ದು, ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳಬಹುದು. ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ಚೆನ್ನಾಗಿ ಹೇಳಿದರೆ ಚಪ್ಪಾಳೆ, ಹಾಡು, ಅಪ್ಪುಗೆ.

ಎನಿಡ್‌ಗೆ ಗ್ಲಾಕೋಮಾ ಇತ್ತು. ಕಣ್ಣಿನೊಳಗೆ ಒತ್ತಡ ಏರಿ, ನೋವಿಲ್ಲದೆ, ಸದ್ದಿಲ್ಲದೆ, ನೋಟವನ್ನು ಅಂಚಿನಿಂದ ತಿನ್ನುತ್ತ ಬರುವ ಕಾಯಿಲೆ. ಊರಿನಲ್ಲಿ ಅವಳಪ್ಪ ಗೋಡೆ ತಡವುತ್ತಲೇ ಸತ್ತಿದ್ದ; ಮನೆಯವರು ಅದನ್ನು ವಯಸ್ಸು ಎಂದಿದ್ದರು. ಇಲ್ಲಿನ ಡಾಕ್ಟರು, "ನಿಮ್ಮ ಜನಕ್ಕೆ ಇದು ಬೇಗ ಬರುತ್ತೆ, ಜೋರಾಗೇ ಬರುತ್ತೆ," ಎಂದಾಗ ಅವಳಿಗೆ ಬೈದ ಹಾಗಾಯಿತು. ಈ ದೇಶದಲ್ಲಿ ಚರ್ಮದ ಬಣ್ಣಕ್ಕೆ ಕೇಳಿಸಿಕೊಂಡದ್ದು ಸಾಲದೆಂದು ಇದೂ ಒಂದು! ಸಿಟ್ಟಿನಲ್ಲಿ, ಅವರು ಕೊಟ್ಟ ಕಣ್ಣಿನ ಡ್ರಾಪ್ಸ್ ಹಾಕಿಕೊಳ್ಳುವುದನ್ನೇ ನಿಲ್ಲಿಸಿದಳು. ಕ್ಲಿನಿಕ್ಕಿಗೆ ಹೋಗುವ ದಿನ ಬೆಳಿಗ್ಗೆ ಮಾತ್ರ ಹಾಕಿಕೊಂಡು, "ತಪ್ಪದೆ ಹಾಕ್ತಿದೀನಿ ಡಾಕ್ಟ್ರೇ," ಎನ್ನುತ್ತಿದ್ದಳು. ಯಂತ್ರದೆದುರು ಕೂತ ಕಣ್ಣಿಗೆ ಆ ಜಾಣತನ ಇರಲಿಲ್ಲ, ನೋಟ ಕುಗ್ಗುತ್ತಿರುವುದು ಬಯಲಾಯಿತು. ಆಪರೇಷನ್ ಆಗಲೇಬೇಕು ಎಂದರು.

ಚರ್ಚಿನವರು ಅವಳಿಗಾಗಿ ಉಪವಾಸ ಮಾಡಿದರು, ರೆಪ್ಪೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಅಷ್ಟೆಲ್ಲ ಮಾಡಿಸಿಕೊಂಡ ಮೇಲೆ ಕತ್ತಿಗೆ ಕಣ್ಣು ಕೊಡುತ್ತೇನೆಂದರೆ ಅವರ ಮುಖಕ್ಕೆ ಹೊಡೆದ ಹಾಗಲ್ಲವೇ? ಬರ್ಮಿಂಗ್‌ಹ್ಯಾಮಿನ ಮಗಳ ಮನೆಗೆ ಹೋಗುತ್ತೇನೆಂದು ಹೇಳಿ, ಗುಟ್ಟಾಗಿ ಬಲಗಣ್ಣಿಗೆ ಆಪರೇಷನ್ ಮಾಡಿಸಿಕೊಂಡಳು. ಕೆಂಪಗಿದ್ದ ಕಣ್ಣಿಗೆ ಕಪ್ಪು ಕನ್ನಡಕ ಏರಿಸಿದಳು. ಬಗ್ಗಬಾರದು ಎಂದಿದ್ದರು, ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿದಾಗ ತನಗೆ ಮಂಡಿನೋವು ಎಂದಳು. ಒತ್ತಡ ಇಳಿದಿದೆ ಎಂದು ಕ್ಲಿನಿಕ್ಕಿನಲ್ಲಿ ಹೇಳಿದ ವಾರವೇ ಎದ್ದು ನಿಂತಳು. "ನನ್ನ ಕಣ್ಣಿನ ಒತ್ತಡ ಇಳಿದಿದೆ! ದೇವರಿಗೆ ಸ್ತೋತ್ರ!" ಚರ್ಚಿಗೆ ಚರ್ಚೇ ಎದ್ದು ಕುಣಿಯಿತು. ಪಾಸ್ಟರು ಅಪ್ಪಿಕೊಂಡರು. ಕತ್ತಿಯ ಮಾತು ನಾಲಿಗೆಯ ತುದಿಯಲ್ಲೇ ಉಳಿಯಿತು. ಮುಚ್ಚುಮರೆ ಯಾಕೆ, ಆ ಚಪ್ಪಾಳೆ ಅವಳಿಗೆ ಬಹಳ ರುಚಿಸಿತ್ತು.

ಮುಂದಿನ ವಾರ ಒಂದು ಮಧ್ಯಾಹ್ನ ಬಾಗಿಲು ತಟ್ಟಿದವರು ಅದೇ ಚರ್ಚಿನ ಬ್ರದರ್ ಕಾರ್ಲ್‌ಟನ್ ಮತ್ತು ಅವರ ಹೆಂಡತಿ ಮಿರ್ಟಲ್. ಕಾರ್ಲ್‌ಟನ್ ಬಸ್ ಓಡಿಸಿ ನಿವೃತ್ತರಾದವರು. ಹೆಂಡತಿಯ ಮೊಣಕೈ ಹಿಡಿದು ಒಳಗೆ ಬಂದು, ಕುರ್ಚಿಯನ್ನು ತಡವಿ ನೋಡಿ ಕೂತರು. ಮಿರ್ಟಲ್ ಕೈಚೀಲದಿಂದ ಎಣ್ಣೆಯ ಸೀಸೆ ತೆಗೆದು ಮೇಜಿನ ಮೇಲಿಟ್ಟಳು.

"ಸಿಸ್ಟರ್ ಎನಿಡ್, ನನಗೂ ಅದೇ ಕಾಯಿಲೆ. ಯಾರಿಗೂ ಹೇಳಿರಲಿಲ್ಲ," ಎಂದರು ಕಾರ್ಲ್‌ಟನ್. "ಎಡಗಣ್ಣು ಹೋಗೇಬಿಟ್ಟಿದೆ. ಬಲಗಣ್ಣಲ್ಲಿ ಒಂದಿಷ್ಟು ಉಳಿದಿದೆ. ನಾಳೆ ಆಪರೇಷನ್ ಇತ್ತು. ನಿಮ್ಮ ಸಾಕ್ಷಿ ಕೇಳಿದ ಮೇಲೆ ಫೋನ್ ಮಾಡಿ ಬೇಡ ಅಂದ್ಬಿಟ್ಟೆ. ಡ್ರಾಪ್ಸೂ ನಿಲ್ಲಿಸಿದೆ. ನಿಮ್ಮನ್ನ ಮುಟ್ಟಿದ ದೇವರ ಕೈ ನನ್ನನ್ನೂ ಮುಟ್ಟಲಿ. ನೀವೇ ಎಣ್ಣೆ ಹಚ್ಚಿ."

ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡಳು ಎನಿಡ್. "ಟೀ ಕುಡೀತೀರಾ?" ಎಂದಳು.

ಅಷ್ಟರಲ್ಲಿ ಬಾಗಿಲು ಮತ್ತೆ ಸದ್ದಾಯಿತು. ಪಕ್ಕದ ಫ್ಲಾಟಿನ ಗುಣವತಿ. ಉಡುಪಿ ಕಡೆಯವಳು, ಗಂಡನ ಜೊತೆ ರೆಸ್ಟೋರೆಂಟಿನಲ್ಲಿ ದುಡಿಯುವವಳು. ಎನಿಡ್‌ಳ ಕೈ ನಡುಗುತ್ತದೆಂದು, ಆಪರೇಷನ್ ಆದಾಗಿನಿಂದ ತಾನೇ ಬಂದು ಡ್ರಾಪ್ಸ್ ಹಾಕಿ ಹೋಗುತ್ತಿದ್ದಳು. ಎನಿಡ್ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಳು.

"ಆಂಟಿ, ಡ್ರಾಪ್ಸ್ ಹಾಕ್ಲಿಕ್ಕುಂಟಲ್ಲ? ಆಮೇಲೆ ನಂಗೆ ಶಿಫ್ಟ್ ಉಂಟು."

"ಇವತ್ತು ಬೇಡ ಮಗಳೇ. ಯಾರೋ ಬಂದಿದ್ದಾರೆ," ಎಂದು ಎನಿಡ್ ಪಿಸುಗುಟ್ಟಿದಳು.

"ಬೇಡ ಅಂದ್ರೆ ಹೇಗೆ? ಆಪರೇಷನ್ ಆದ ಕಣ್ಣು..." ಎಂದಳು ಅವಳೂ ಮೆಲ್ಲಗೆ.

"ಹೋಗೇ ಅಂದ್ನಲ್ಲ!"

ಗುಣವತಿಯ ಮುಖ ಚಿಕ್ಕದಾಯಿತು. ಹೆತ್ತ ಮಗಳು ಮಾಡದ ಸೇವೆ ಮಾಡಿದವಳ ಮುಖದ ಮೇಲೆ ಎನಿಡ್ ಬಾಗಿಲು ಹಾಕಿದಳು. ಯಾರು ಎಂದು ಮಿರ್ಟಲ್ ಕೇಳಿದಾಗ, "ಪಕ್ಕದವಳು. ಸಕ್ಕರೆ ಕೇಳೋಕೆ ಬಂದಿದ್ಲು," ಎಂದಳು.

ಇನ್ನೂ ಇಳಿಯುವುದಕ್ಕೆ ಜಾಗವಿತ್ತು, ಎನಿಡ್ ಇಳಿದಳು. ಸೀಸೆ ತೆರೆದು ಹೆಬ್ಬೆರಳಿಗೆ ಎಣ್ಣೆ ಹಚ್ಚಿಕೊಂಡಳು. ಕಾರ್ಲ್‌ಟನ್ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದರು. ಗದ್ದದ ಕೆಳಗೆ ಬ್ಲೇಡು ತಾಗಿದ ಗಾಯಗಳು, ಕೆಲವು ಹಳೆಯವು, ಒಂದು ಅಂದಿನದೇ. ಮುದುಕರು ಮಗುವಿನ ಹಾಗೆ ಕಾಯುತ್ತಿದ್ದರು. ಬೆರಳು ರೆಪ್ಪೆಗೆ ತಾಗಬೇಕು ಎನ್ನುವಾಗ ನಿಂತುಹೋಯಿತು. ಇದನ್ನು ಹಚ್ಚಿದರೆ ಈ ಕಣ್ಣು ಕಿತ್ತವಳು ತಾನೇ ಆಗುತ್ತೇನೆ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು.

ಎಣ್ಣೆಗೈಯಲ್ಲೇ ಹೋಗಿ ಬಾಗಿಲು ತೆರೆದಳು. "ಗುಣವತೀ! ಬಾರೇ ತಾಯಿ. ಇಲ್ಲೇ, ಇವರ ಮುಂದೇನೇ ಹಾಕು."

ಗುಣವತಿ ಮುನಿಸಿನಲ್ಲೇ ಬಂದು ಕೈ ತೊಳೆದುಕೊಂಡಳು. ಎನಿಡ್ ಕಪ್ಪು ಕನ್ನಡಕ ತೆಗೆದು ಕೂತು, ಮೇಲಿನ ರೆಪ್ಪೆಯನ್ನು ಮೆಲ್ಲಗೆ ಎತ್ತಲು ಅವಳಿಗೆ ಹೇಳಿ, "ಮಿರ್ಟಲ್, ಹತ್ತಿರ ಬಂದು ನೋಡು," ಎಂದಳು. ಮಿರ್ಟಲ್ ಬಗ್ಗಿ ನೋಡಿದಳು.

"ಏನದು?" ಎಂದರು ಕಾರ್ಲ್‌ಟನ್.

"ರೆಪ್ಪೆಯಡಿ ನೀರುಗುಳ್ಳೆಯ ಹಾಗೆ ಉಬ್ಬಿದೆ, ಪಕ್ಕದಲ್ಲಿ ಹೊಲಿಗೆ. ಕೊಯ್ದಿದ್ದಾರೆ," ಎಂದಳು ಮಿರ್ಟಲ್. "ಇವಳಿಗೆ ಆಪರೇಷನ್ ಆಗಿದೆ ಕಣ್ರೀ."

"ಸಾಕ್ಷಿ ಹೇಳೋ ಮುಂಚೇನೇ ಆಗಿತ್ತು," ಎಂದಳು ಎನಿಡ್. "ಒತ್ತಡ ಇಳಿದದ್ದು ಅದರಿಂದಲೇ. ಆ ಮಾತು ನುಂಗಿಕೊಂಡೆ. ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ರಿ..." ಗುಣವತಿ ಡ್ರಾಪ್ಸ್ ಹಾಕಿ ಶಿಫ್ಟಿಗೆ ಹೊರಟಳು. ಎನಿಡ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಿರ್ಟಲ್ ಬೈಯಲಿಲ್ಲ, ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದಳು. ನಾಳೆಯ ಜಾಗವನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಹೊಸ ದಿನ ಸಿಗುವುದಕ್ಕೆ ಎಷ್ಟೋ ವಾರ ಹಿಡಿಯಬಹುದು, ಡ್ರಾಪ್ಸ್ ಮಾತ್ರ ಇವತ್ತೇ ಶುರುಮಾಡಿ ಎಂದರು. ಉಳಿದ ನೋಟ ಅಲ್ಲಿಯವರೆಗೆ ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ, ಅದನ್ನು ಡಾಕ್ಟರೇ ಹೇಳಬೇಕು ಎಂದರು.

ಕಾರ್ಲ್‌ಟನ್ ಈಗ ಸಿಡಿಯುತ್ತಾರೆ ಎಂದು ಎನಿಡ್ ಮೈ ಗಟ್ಟಿ ಮಾಡಿಕೊಂಡಳು. ಅವರು ಕೇಳಿದ್ದು ಬೇರೆ: "ನೋವಾಯ್ತಾ, ಸಿಸ್ಟರ್?"

"ಇಲ್ಲ. ಎಚ್ಚರ ಇತ್ತು, ಮುಖಕ್ಕೆ ಬಟ್ಟೆ ಹೊದಿಸಿದ್ರು. ಒತ್ತಿದ ಹಾಗಾಯ್ತು, ಅಷ್ಟೇ. ನರ್ಸ್ ಒಬ್ಬಳು ಕೊನೇವರೆಗೂ ಕೈ ಹಿಡ್ಕೊಂಡಿದ್ಲು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಎಲ್ಲ ಮಸುಕು. ಕುರುಡಿಯಾದೆ ಅಂತ ಅತ್ತೆ. ಆಮೇಲೆ ನಿಧಾನವಾಗಿ ತಿಳಿಯಾಯ್ತು. ಹೋದ ನೋಟ ಬರಲಿಲ್ಲ. ಇದ್ದದ್ದು ಉಳೀತು."

ಕಾರ್ಲ್‌ಟನ್ ಮೈಯೆಲ್ಲ ಕಿವಿಯಾಗಿ ಕೇಳಿದರು.

"ನನಗೆ ಇದ್ದದ್ದು ನಂಬಿಕೆ ಗಿಂಬಿಕೆ ಅಲ್ಲ ಸಿಸ್ಟರ್, ಬರೀ ಹೆದರಿಕೆ," ಎಂದರು. "ಇದನ್ನ ಅನುಭವಿಸಿದ ನಮ್ಮವರು ಒಬ್ಬರೂ ಸಿಕ್ಕಿರಲಿಲ್ಲ. ಆ ಭಾನುವಾರ ನೀವು ಇಷ್ಟು ಹೇಳಿದ್ದಿದ್ರೆ ನಾನು ನಾಳೆ ಹೋಗ್ತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಎನಿಡ್ ಸಿಟ್ಟಿಗಾಗಿ ಕಾದಳು, ಅದು ಬರಲಿಲ್ಲ. ಅವರನ್ನು ಲಿಫ್ಟಿನವರೆಗೆ ಬಿಡಲು ಹೋದಾಗಲೂ ಅವಳಿಗೆ ತಲೆ ಎತ್ತಲಾಗಲಿಲ್ಲ.