ಪೇಶೆಂಟ್ ಯಾರು?

ಹತ್ತನೇ ತರಗತಿ ಮುಗಿಸಿ, ಮೂಡುಬಿದಿರೆಯ ಆಚೆಗಿನ ಹಳ್ಳಿಯಿಂದ ಪೇಟೆಗೆ, ಕಾವೂರಿನ ದೊಡ್ಡಮ್ಮನ ಮನೆಗೆ ಬಂದ ಯಶ್ಮಿತಾ ಕೊಡಿಯಾಲ್‌ಬೈಲಿನ ಕಾಲೇಜಿಗೆ ಸೇರಿದ್ದೇ ತಡ, ಊರಿನ ಗೆಳತಿಯರ ಕಣ್ಣಿಗೆ ಎಲ್ಲ ಬಲ್ಲವಳಾಗಿಬಿಟ್ಟಳು. ಮೊದಮೊದಲು ಅವರು ವಾಟ್ಸಾಪಿನಲ್ಲಿ ಮಾಲ್ ಹೇಗುಂಟು, ಎಸ್ಕಲೇಟರ್ ಹತ್ತಲಿಕ್ಕೆ ಹೆದರಿಕೆ ಆಗ್ತದಾ ಅಂತ ಕೇಳುತ್ತಿದ್ದರು. ಒಂದು ಸಂಜೆ, ಶಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಪ್ರಣೀತಾಳ ವಾಯ್ಸ್ ಮೆಸೇಜ್ ಬಂತು.

“ಹುಡುಗರು ಈಜುವ ಕೆರೆಯಲ್ಲಿ ನಾವೂ ಈಜಿದರೆ ಬಸಿರಾಗ್ತದಂತೆ. ಹೌದಾ ಮಾರಾಯ್ತಿ?”

ಯಶ್ಮಿತಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಪೇಚಿಗಿಟ್ಟುಕೊಂಡಿತು. ಆಗುವುದಿಲ್ಲ ಅಂತ ಅವಳಿಗೆ ಅನ್ನಿಸುತ್ತಿತ್ತು. ಯಾಕೆ ಆಗುವುದಿಲ್ಲ ಅಂತ ಹೇಳಲು ಬರುತ್ತಿರಲಿಲ್ಲ.

ಒಂದರ ಬಾಲ ಹಿಡಿದು ಮತ್ತಷ್ಟು ಪ್ರಶ್ನೆಗಳು ಬಂದವು. ಬಿಳಿ ಹೋದರೆ ಎಲುಬು ಸವೆಯುತ್ತದಾ? ತಿಂಗಳಿಗೆ ಸರಿಯಾಗಿ ಮುಟ್ಟಾಗದಿದ್ದರೆ ರಕ್ತ ಹೊಟ್ಟೆಯೊಳಗೆ ಗಡ್ಡೆ ಕಟ್ಟುತ್ತದಾ? ಯೂಟ್ಯೂಬಿನಲ್ಲಿ ಒಬ್ಬ ಕಷಾಯ ಕುಡಿಯಿರಿ ಅಂದ, ಇನ್ನೊಬ್ಬ ತನ್ನದೇ ಪುಡಿ ಮಾರಲು ನೋಡಿದ. ದೊಡ್ಡಮ್ಮ ದೇಯಿ, “ಈಗ ನಿನಗೆ ಅದೆಲ್ಲ ಎಂತಕ್ಕೆ? ಮದುವೆಯಾದ ಮೇಲೆ ತನ್ನಿಂತಾನೇ ಗೊತ್ತಾಗ್ತದೆ” ಎಂದು ಬಂಗುಡೆ ಮೀನು ತೊಳೆಯಲು ಎದ್ದುಹೋದರು.

ದಾರಿ ತೋರಿಸಿದವಳು ಸಹಪಾಠಿ ಆರಿಫಾ. ಅವಳ ಅಕ್ಕನ ಹೆರಿಗೆ ಮಾಡಿಸಿದ ಡಾಕ್ಟ್ರ ಕ್ಲಿನಿಕ್ಕು ಫಳ್ನೀರಿನಲ್ಲಿತ್ತು. ಶನಿವಾರ ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಹೋದರು.

“ಪೇಶೆಂಟ್ ಯಾರು?” ಕೌಂಟರಿನ ಹೆಂಗಸು ಕೇಳಿದರು.

“ಪೇಶೆಂಟ್ ಇಲ್ಲ ಮೇಡಂ. ಪ್ರಶ್ನೆ ಉಂಟು” ಎಂದಳು ಯಶ್ಮಿತಾ.

ಕೂತಿದ್ದ ಬಸುರಿಯರೆಲ್ಲ ತಿರುಗಿ ನೋಡಿದರು. ಆರಿಫಾ ತೋಳು ಹಿಡಿದೆಳೆದಳು. “ಹೋಗುವ, ಬಾ.” ಅಷ್ಟರಲ್ಲಿ ಯಾರನ್ನೋ ಬೀಳ್ಕೊಡಲು ಬಾಗಿಲಿಗೆ ಬಂದಿದ್ದ ಡಾಕ್ಟರ್ ಹೆಲನ್ ಅವರ ಕಿವಿಗೆ ಮಾತು ಬಿದ್ದಿತ್ತು. “ಪ್ರಶ್ನೆ ಇದ್ದವರು ಕೂತುಕೊಳ್ಳಿ. ಕೊನೆಗೆ ಕರೀತೇನೆ.”

ಒಳಗೆ ಕೆರೆಯ ಮಾತು ಕೇಳಿ ಡಾಕ್ಟ್ರು ನಗಲಿಲ್ಲ. ಕಾಗದದ ಮೇಲೆ ಗರ್ಭಕೋಶದ ಚಿತ್ರ ಬರೆದರು. “ಬಸಿರಾಗಲಿಕ್ಕೆ ಗಂಡಿನ ವೀರ್ಯ ಹೆಣ್ಣಿನ ದೇಹದ ಒಳಗೆ ಸೇರಬೇಕು. ಕೆರೆಯ ನೀರಿನಿಂದ ಹಾಗಾಗುವುದಿಲ್ಲ. ಬಿಳಿ ಹೋಗುವುದಕ್ಕೂ ಎಲುಬಿಗೂ ಸಂಬಂಧವೇ ಇಲ್ಲ. ತುರಿಕೆ, ಕೆಟ್ಟ ವಾಸನೆ ಇದ್ದರೆ ಮಾತ್ರ ತೋರಿಸಬೇಕು.”

“ಗರ್ಭಕೋಶ ಎಷ್ಟು ದೊಡ್ಡದಿರ್ತದೆ?”

“ಹೆಚ್ಚುಕಡಿಮೆ ನಿನ್ನ ಮುಷ್ಟಿಯಷ್ಟು.”

ಯಶ್ಮಿತಾ ಮುಷ್ಟಿ ಕಟ್ಟಿ ತಿರುಗಿಸಿ ತಿರುಗಿಸಿ ನೋಡಿದಳು. ಇಷ್ಟರೊಳಗೆ ಒಂದು ಮಗುವಾ!

“ಮುಟ್ಟು ತಡವಾಗಿರುವುದು ಯಾರಿಗೆ?” ಡಾಕ್ಟ್ರು ಕೇಳಿದರು.

ಯಶ್ಮಿತಾ ತಲೆ ತಗ್ಗಿಸಿದಳು. ಗೆಳತಿಯರ ಪ್ರಶ್ನೆಗಳ ನಡುವೆ ತನ್ನದೊಂದನ್ನು ಮೆಲ್ಲಗೆ ಸೇರಿಸಿಬಿಟ್ಟಿದ್ದಳು. “ನನಗೆ. ಹೋದ ತಿಂಗಳು ಆಗ್ಲಿಲ್ಲ.”

ಡಾಕ್ಟ್ರು ಊಟ, ನಿದ್ದೆ ಎಲ್ಲ ವಿಚಾರಿಸಿದರು. ಬೆಳಿಗ್ಗೆ ತಿಂಡಿ ಬಿಟ್ಟು ಬಸ್ಸಿಗೆ ಓಡುವುದನ್ನು ಅವಳು ಒಪ್ಪಿಕೊಂಡಳು. “ನಿನ್ನ ಪ್ರಾಯದಲ್ಲಿ ಹಿಂದೆಮುಂದೆ ಆಗುವುದುಂಟು. ಗಡ್ಡೆಗಿಡ್ಡೆ ಎಂತದೂ ಕಟ್ಟುವುದಿಲ್ಲ. ಹೊಟ್ಟೆತುಂಬ ತಿನ್ನು. ಮೂರು ತಿಂಗಳು ದಾಟಿದರೆ ಮನೆಯವರನ್ನು ಕರ್ಕೊಂಡು ಬಾ.” ಹೊರಬಂದಾಗ ಯಶ್ಮಿತಾಳಿಗೆ ಎಷ್ಟೋ ದಿನಗಳ ಮೇಲೆ ಜೋರು ಹಸಿವಾಯಿತು. ಇಬ್ಬರೂ ಗೋಳಿಬಜೆ ತಿಂದರು.

ಭಾನುವಾರ ಊರಿನ ಹುಡುಗಿಯರೆಲ್ಲ ಪ್ರಣೀತಾಳ ಹಿತ್ತಲಲ್ಲಿ ಸೇರಿ ಫೋನನ್ನು ಸ್ಪೀಕರಿಗೆ ಹಾಕಿದರು. ಯಶ್ಮಿತಾ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಕೆರೆಯ ಮಾತಿಗೆ ಗೊಳ್ಳೆಂದು ನಕ್ಕವರು ತಟ್ಟನೆ ಸುಮ್ಮನಾದರು. ಒಣಗಿದ ಬಟ್ಟೆ ತೆಗೆಯಲು ಬಂದ ಪ್ರಣೀತಾಳ ಅಮ್ಮ ಹಿಂದೆಯೇ ನಿಂತಿದ್ದರು.

ಫೋನಿನಲ್ಲಿ ಅವರ ದನಿ ಕೇಳಿದ್ದೇ ಯಶ್ಮಿತಾ ಬೈಗುಳ ಬರುತ್ತದೆಂದುಕೊಂಡಳು.

“ಯಶ್ಮಿತಾ, ಮುಟ್ಟು ನಿಲ್ಲುವ ಹೊತ್ತಿಗೆ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಆಗ್ತದಲ್ಲ, ಅದು ಎಂತಕ್ಕೆ ಅಂತ ಹೇಳಿದ್ರಾ ಅವರು?”

“ಇಲ್ಲ ಆಂಟಿ... ಅದನ್ನು ನಾನು ಕೇಳ್ಲಿಲ್ಲ.”

ಕೋಳಿಗಳ ಸದ್ದಿನ ನಡುವೆ ಪ್ರಣೀತಾಳ ಅಮ್ಮನ ದನಿ ಹತ್ತಿರವಾಯಿತು.

“ಸ್ಟೇಟ್‌ಬ್ಯಾಂಕ್ ಸ್ಟಾಪಿನಲ್ಲಿ ಬಸ್ಸಿಳಿದರೆ ಫಳ್ನೀರಿಗೆ ನಡೆಯಲಿಕ್ಕೆ ಆಗ್ತದಾ?” ಎಂದರು ಅವರು.