ಗಿಡ್ಡವಾದ ಶಿವದಾರ

ಸೀಮೆಸುಣ್ಣದ ಪುಡಿ ಫ್ಯಾನಿನ ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತಿದೆ, ಬೋರ್ಡಿನ ಮೇಲೆ ಸಾವಿರ ಹೆಂಗಸರು ಎಂದು ಬರೆದು ಮೀನಲ ಕೆಳಗೆ ಹತ್ತು ಎಂದು ಬರೆದು ಸುತ್ತು ಹಾಕಿದಳು, ಎದೆಯ ಗಂಟಿನ ರೋಗ ಇರುವವರು ಇಷ್ಟೇ, ಕ್ಯಾಂಪಿನ ತಪಾಸಣೆ ಇವರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದ ಒಂಬೈನೂರ ತೊಂಬತ್ತರಲ್ಲೂ ತೊಂಬತ್ತು ಮಂದಿಗೆ ಸುಳ್ಳೇ ಇದೆ ಎನ್ನುತ್ತದೆ — ಹಾಗಾದರೆ ಇದೆ ಎಂದು ರಿಪೋರ್ಟ್ ಬಂದವಳಿಗೆ ನಿಜವಾಗಿ ಇರುವ ಸಂಭವ ಎಷ್ಟು, ನೂರಕ್ಕ ತೊಂಬತ್ರೀ ಮ್ಯಾಡಮ್, ಏ ಇಲ್ಲ, ಹನ್ನೊಂದರಾಗ ಒಂದ್ರೀ, ಋಷಿಕೇಶ ಬೆಂಚು ಗುದ್ದುತ್ತಿದ್ದಾನೆ, ಉದಗೀರದ ಈ ಕಾಲೇಜಿನಲ್ಲಿ ವರ್ಷಾ ವರ್ಷಾ ಇದೇ ಜಗಳ, ಹುಡುಗ ಹೇಳಿದ್ದೇ ಸರಿ, ಹನ್ನೊಂದರಲ್ಲಿ ಒಂದು, ಇದನ್ನೇ ಅಲ್ಲವೇ ಮೀನಲ ನಿಲಂಗಾದ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು, ಸಾರಿಕಕ್ಕಾ, ಕ್ಯಾಂಪಿನ ರಿಪೋರ್ಟ್ ನೋಡಿ ಯಾಕ ಅಳ್ತಿ, ಹತ್ತು ಮಂದಿಗಿ ಸುಳ್ಳ ಬರ್ತದ, ಒಬ್ಬಾಕಿಗಿ ಖರೆ, ದೀಪಾವಳಿ ಆಗ್ಲಿ, ಸಾವಕಾಶ ಲಾತೂರಿಗಿ ತೋರಸೋಣು — ಅಕ್ಕ ಮೂಗು ಒರೆಸಿಕೊಂಡು ನಕ್ಕಿದ್ದಳು, ನೀ ಗಣಿತ ಕಲಸಾಕಿ, ನೀ ಹೇಳಿದ್ರ ಮುಗೀತು ಬಿಡು.

ಮ್ಯಾಡಮ್, ಹಿಂದಿನ ಬೆಂಚಿನ ಸಪನಾ ಎದ್ದು ನಿಂತಿದ್ದಾಳೆ, ಆ ರಿಪೋರ್ಟ್ ಬಂದಾಕಿ ಕ್ಯಾಂಪಿಗಿ ಎಲ್ಲಾರ ಜೋಡಿ ಸುಮ್ಮ ಬಂದಿದ್ಲೋ, ಮೊದಲ ಎದ್ಯಾಗ ಗಂಟು ಏನರ ಕೈಗಿ ಹತ್ತಿತ್ತಂತ ಬಂದಿದ್ಲೋ — ಆಹಾ, ಎಷ್ಟು ಜಾಣೆ ಇವಳು, ಜಗಳ ಲೆಕ್ಕದ್ದಲ್ಲ, ಯಾವ ಸಾವಿರದೊಳಗೆ ಅವಳನ್ನು ನಿಲ್ಲಿಸಿ ಎಣಿಸುತ್ತೀರಿ ಎನ್ನುವುದರದ್ದು, ಮೀನಲ ಅಕ್ಕನನ್ನು ನಿಲಂಗಾದ ಸಾವಿರ ಹೆಂಗಸರ ನಡುವೆ ನಿಲ್ಲಿಸಿಬಿಟ್ಟಳು, ಅಕ್ಕ ಅಲ್ಲಿ ಇರಲೇ ಇಲ್ಲ, ಮೊದಲೇ ಗಂಟು ಕೈಗೆ ಹತ್ತಿದವರ ಸಾಲಿನವಳು, ಅದು ಗೊತ್ತಿತ್ತಲ್ಲ, ಕಣ್ಣಾರೆ ಕಂಡಿದ್ದಳಲ್ಲ, ಕ್ಯಾಂಪಿಗೂ ಮುಂಚೆ ಶ್ರಾವಣದ ಪೂಜೆಗೆ ಕೂತಾಗ ಎದೆಯ ಮೇಲಿರಬೇಕಾದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಅಕ್ಕನ ಗಂಟಲ ಬುಡಕ್ಕೆ ಏರಿತ್ತು, ಶಿವದಾರ ಯಾಕ ಗಿಡ್ಡ ಮಾಡೀದಿ ಅಕ್ಕಾ, ಬಗ್ಗಿದ್ರ ಎದಿಗಿ ಬಡೀತದ, ನೋಯ್ತದ, ಮತ್ತೇನಿಲ್ಲ — ಲಿಂಗದ ವಿಷಯ, ಪೂಜೆಯ ಹೊತ್ತು, ಯಾರು ಕೆದಕುತ್ತಾರೆ, ಮಾತು ಹೋಳಿಗೆಯ ಕಡೆ ಹೊರಳಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು, ಲಾತೂರಿನ ಡಾಕ್ಟರು ಯಾಕ ಇಷ್ಟ ತಡಾ ಮಾಡಿದ್ರಿ ಅಂದರು, ಅಕ್ಕ ತಂಗಿಯ ಮುಖ ನೋಡಲಿಲ್ಲ, ಕಾಯಲು ಹೇಳಿದವಳ ಹೆಸರೂ ಹೇಳಲಿಲ್ಲ, ಮುಂದಿನ ಶ್ರಾವಣಕ್ಕೆ ಅವಳೇ ಇಲ್ಲ, ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಕೊಡಬೇಕು, ಅಯ್ಯನವರಿಗೆ ಆ ದಾರದ ಗಂಟು ಬಿಚ್ಚಲಾಗಲಿಲ್ಲ, ಕತ್ತರಿ ತರ್ರೀ ಅಂದರು, ತಂದುಕೊಟ್ಟವಳೂ ಮೀನಲಳೇ. ಮ್ಯಾಡಮ್, ಉತ್ತರ ಹೇಳ್ರೀ, ಸಪನಾ ಇನ್ನೂ ನಿಂತೇ ಇದ್ದಾಳೆ, ಸೀಮೆಸುಣ್ಣ ಬೋರ್ಡಿಗೆ ಮುಟ್ಟಿದೆ, ಹನ್ನೊಂದರಲ್ಲಿ — ಹನ್ನೊಂದರಲ್ಲಿ — ಕಣ್ಣ ಮುಂದೆ ಅದೇ ಶ್ರಾವಣ, ಅಕ್ಕ ಆರತಿಗೆ ಬಗ್ಗುತ್ತಾಳೆ, ಗಂಟಲ ಬುಡದಲ್ಲಿ ಬೆಳ್ಳಿ ಕರಡಿಗೆ, ಅಲುಗಾಡುವುದಿಲ್ಲ.