ಪಲ್ಪರಿನ ಉದ್ದ ಮೊಳೆಗಳು

ವಿಮಲಮ್ಮ ಬಲ್ಬಿಗೆ ಕೆಂಪು ಗಾಳಿಪಟದ ಕಾಗದ ಸುತ್ತಿ ದಾರ ಬಿಗಿಯುತ್ತಿದ್ದಾಗ ಒಲೆಯ ಮೇಲೆ ಬೇಳೆ ಉಕ್ಕಿದ ಸದ್ದಾಯಿತು. ಎದ್ದು ಹೋಗಿ ಮುಚ್ಚಳ ಸರಿಸಿ, ಹಿತ್ತಿಲ ಜಗಲಿಗೆ ಬಂದು ಮತ್ತೆ ಕೂತಳು. ಎದುರಿಗೆ ಗಂಡ ಶಿವಶಂಕರಪ್ಪ ಕಟ್ಟಿದ ಯಂತ್ರವಿತ್ತು. ಸಂಜೆ ಕಾಫಿ ಪ್ಲಾಂಟರ್ ಸಿದ್ದಬಸಪ್ಪನವರ ಮಗಳ ಮದುವೆ. ಚಪ್ಪರದಲ್ಲಿ ದೀಪಗಳು ಒಂದರ ಹಿಂದೊಂದು ಓಡಬೇಕು. ಮೈಸೂರಿನ ವಸ್ತುಪ್ರದರ್ಶನದಲ್ಲಿ ಅಂಥದ್ದನ್ನು ಕಂಡು ಬಂದಾಗಿನಿಂದ ಶಿವಶಂಕರಪ್ಪನಿಗೆ ಅದೇ ಗುಂಗು. ಇದು ಸರಿಹೋದರೆ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆಲ್ಲ ವೈರಿಂಗ್ ಕೆಲಸ ಅವನಿಗೇ ಎಂದು ಸಿದ್ದಬಸಪ್ಪನವರು ಹೇಳಿದ್ದರು. ಅಲ್ಲಿಯವರೆಗೆ ಅವನು ಪಲ್ಪರ್ ರಿಪೇರಿಯವನೇ.

ಯಂತ್ರವೂ ಪಲ್ಪರಿನದೇ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಕೈಯಂತ್ರದ ಕಬ್ಬಿಣದ ಅಚ್ಚು ಮತ್ತು ಹಿಡಿಯನ್ನು ಹಾಗೇ ಉಳಿಸಿಕೊಂಡು, ಅಚ್ಚಿಗೆ ಸಣ್ಣದೊಂದು ಮರದ ಉರುಳೆ ಕೂರಿಸಿದ್ದ. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ತಾಮ್ರದ ತಗಡು. ಕರೆಂಟು ಬರುವುದು ಆ ತಗಡಿಗೆ. ಹಿಡಿ ತಿರುಗಿಸಿದರೆ ಒಂದೊಂದು ಮೆಟ್ಟಿಲೂ ಒಂದೊಂದು ಹಿತ್ತಾಳೆ ಪಟ್ಟಿಯನ್ನು ಮುಟ್ಟುತ್ತಿತ್ತು. ಮುಟ್ಟಿದ ಪಟ್ಟಿಯ ಬಲ್ಬು ಹತ್ತುತ್ತಿತ್ತು, ದಾಟಿದೊಡನೆ ಆರುತ್ತಿತ್ತು. ಈಗ ಟಾರ್ಚಿನ ಸೆಲ್ಲು, ಟಾರ್ಚಿನ ಬಲ್ಬು ಹಾಕಿ ನೋಡುತ್ತಿದ್ದರು. ಸಂಜೆ ಸೆಲ್ಲಿನ ಜಾಗಕ್ಕೆ ಸಿದ್ದಬಸಪ್ಪನವರ ಬಂಗಲೆಯ ಕರೆಂಟು.

ಈಗಲೂ ಸಂಜೆಯೂ ಹಿಡಿ ತಿರುಗಿಸಲು ಎಸ್ಟೇಟಿನಿಂದ ಆಳು ಮಾರಿ ಬಂದಿದ್ದ.

"ನನ್ನ ಮದುವೇಲಿ ಒಂದೇ ಪೆಟ್ರೋಮ್ಯಾಕ್ಸು ಅಮ್ಮ. ಅದೂ ತಾಳಿ ಕಟ್ಟೋ ಹೊತ್ತಿಗೆ ಆರೋಯ್ತು."

"ಅದಕ್ಕೇ ನಿನ್ನ ಹೆಂಡ್ತಿ ಕೂತಿದ್ಲು," ಎಂದರು ಬಾಳೆಲೆ ಒರೆಸುತ್ತಿದ್ದ ಅತ್ತೆ ರುದ್ರಮ್ಮ. "ಬೆಳಕಿದ್ದಿದ್ರೆ ನಿನ್ನ ಮುಖ ನೋಡಿ ಎದ್ದೋಗಿರೋಳು."

ಮಾರಿ ನಗುತ್ತಾ ಹಿಡಿ ನಿಲ್ಲಿಸಿದ. ವಿಮಲಮ್ಮ ಕೆಂಪು ಬಲ್ಬಿನ ವೈರನ್ನು ಅದರ ಪಟ್ಟಿಗೆ ಸಿಕ್ಕಿಸಲು ಹೋದಾಗ ತುದಿ ಜಾರಿ ಕಬ್ಬಿಣದ ಹಿಡಿಯ ಮೇಲೆ ಬಿತ್ತು. ಬಲ್ಬು ಹತ್ತಿಕೊಂಡಿತು.

ಅವಳು ವೈರನ್ನು ಎತ್ತಿದಳು, ಆರಿತು. ಮತ್ತೆ ಹಿಡಿಗೆ ತಾಗಿಸಿದಳು, ಹತ್ತಿತು. ಮಾರಿಯ ಕೈ ಅದೇ ಹಿಡಿಯ ಮೇಲಿತ್ತು.

ಹಣ್ಣಿನ ಒತ್ತಡಕ್ಕೆ ಪಲ್ಪರಿನ ತಗಡು ಏಳುತ್ತದೆಂದು ಈ ಕಡೆಯವರು ಅದಕ್ಕೆ ಉದ್ದ ಮೊಳೆಯನ್ನೇ ಹೊಡೆಯುವುದು. ಶಿವಶಂಕರಪ್ಪನ ರೂಢಿಯಾದ ಕೈ ಇಲ್ಲೂ ಅದನ್ನೇ ಮಾಡಿತ್ತು. ಪಲ್ಪರಿನ ಉರುಳೆ ದಪ್ಪ, ಇದು ತೆಳು. ಮೊಳೆ ಮರವನ್ನು ದಾಟಿ ಒಳಗಿನ ಅಚ್ಚಿಗೆ ತಾಗಿ, ತಗಡಿನ ಕರೆಂಟನ್ನು ಹಿಡಿಯವರೆಗೆ ತಂದಿತ್ತು.

ಶಿವಶಂಕರಪ್ಪ ವೈರಿನ ಸುರುಳಿ ಹಿಡಿದು ಬಂದ.

"ರೀ, ಹಿಡಿಗೆ ಕರೆಂಟು ಬರ್ತಿದೆ. ಇಲ್ಲಿ ನೋಡಿ."

ತಾಗಿಸಿ ತೋರಿಸಿದಳು. ಅವನು ಬಲ್ಬನ್ನು ನೋಡಿದ, ಮೊಳೆಯನ್ನು ನೋಡಿದ. ಮುಖ ಒಂದು ಗಳಿಗೆ ಬಿಳಿಚಿಕೊಂಡಿತು.

"ಮಾರಿ, ಕೈ ಏನಾದ್ರೂ ಜುಮ್ ಅಂತೇನೋ?"

"ಇಲ್ಲ ಯಜಮಾನ್ರೆ."

"ಕೇಳಿದ್ಯಾ?" ಎಂದು ಅವನು ಹೆಂಡತಿಯ ಕಡೆ ತಿರುಗಿದ.

"ಇದು ಸೆಲ್ಲು. ಸಂಜೆ ಹಂಗಲ್ವಲ್ಲ. ಅಂಗಳಕ್ಕೆಲ್ಲ ಸಗಣಿ ನೀರು ಹಾಕಿರ್ತಾರೆ, ಅವನು ಬರಿಗಾಲು."

"ಹಿಡಿಗೆ ಬಟ್ಟೆ ಸುತ್ತಿದ್ರಾಯ್ತು."

"ಬೆವರಿಗೆ ಬಟ್ಟೆ ಒದ್ದೆ ಆಗಲ್ವಾ?"

"ಮೊಳೆ ಕಿತ್ರೆ ತಗಡು ಹರಿಯುತ್ತೆ ಕಣೇ. ಬೇರೆ ತಗಡಿಗೆ ಎಲ್ಲಿಗೆ ಹೋಗ್ಲಿ? ಊಟ ಆಗ್ತಿದ್ದಂಗೆ ಇದನ್ನ ಒಯ್ಯೋಕೆ ಜೀಪು ಬರುತ್ತೆ."

"ಇವಳನ್ನೇ ಕಳ್ಸೋ ವೈರಿಂಗಿಗೆ," ಎಂದರು ರುದ್ರಮ್ಮ. "ಸಾರಿಗೆ ಒಗ್ಗರಣೆ ನಾನು ಹಾಕ್ತೀನಿ."

ಅವನು ನಗಲಿಲ್ಲ. ಹಗ್ಗದ ಮೇಲಿದ್ದ ಟವೆಲು ಎಳೆದುಕೊಂಡು, ಅವಳ ಮುಖ ನೋಡದೆ ಬಚ್ಚಲಿಗೆ ಹೋದ. ವಿಮಲಮ್ಮನಿಗೆ ಹೆದರಿಕೆಯಾದದ್ದು ಆಗಲೇ. ಅರ್ಥವಾಗದವನಿಗಾದರೆ ಇನ್ನೊಮ್ಮೆ ಹೇಳಬಹುದಿತ್ತು. ಅವನಿಗೆ ಅರ್ಥವಾಗಿತ್ತು.

ಸ್ನಾನ ಮುಗಿಸಿ ಅವನು ಪೂಜೆಗೆ ಕೂತ. ಅಂಗೈಯಲ್ಲಿ ಲಿಂಗವಿರುವಾಗ ಆ ಮನೆಯಲ್ಲಿ ಯಾರೂ ಅವನನ್ನು ಕರೆಯುವುದಿಲ್ಲ, ಅವನೂ ನಡುವೆ ಏಳುವುದಿಲ್ಲ. ರುದ್ರಮ್ಮ ಅಡುಗೆಮನೆ ಸೇರಿದರು.

"ಇನ್ನೂ ಜೋರಾಗಿ ತಿರುಗಿಸ್ಲಾ ಅಮ್ಮ? ನೋಡಿ ಹೆಂಗೆ ಓಡ್ತವೆ."

"ಸಾಕು ಮಾರಿ. ಬಾವಿ ಹತ್ರ ಕೈಕಾಲು ತೊಳ್ಕೊಂಡು ಬಾ, ಊಟ ಬಡಿಸ್ತೀನಿ."

ಅವನು ಹೋದ ಮೇಲೆ ಉರುಳೆಯ ಮೇಲೆ ಬೆರಳಾಡಿಸಿದಳು. ಮೊಳೆಗಳ ತಲೆ ತಗಡಿನೊಳಗೆ ಹೂತುಹೋಗಿತ್ತು. ಮೀಟಿದರೆ ತಗಡು ಹರಿಯುವುದು ನಿಜವೇ. ಹರಿದರೆ ಜೀಪು ಖಾಲಿ ಹೋಗುತ್ತದೆ. ವೈರಿಂಗ್ ಬೇರೆಯವರ ಪಾಲಾಗುತ್ತದೆ. ಅವನು ಮಳೆಗಾಲ ಮುಗಿಯುವವರೆಗೂ ಇವಳೊಡನೆ ಮಾತಾಡದಿರಬಹುದು. ಹರಿಯದಿದ್ದರೆ ಅದನ್ನು ಮತ್ತೆ ಕೂರಿಸಲು ಚಪ್ಪಲಿಗೆ ಹೊಡೆಯುವ ಗಿಡ್ಡ ಮೊಳೆಗಳು ಡಬ್ಬಿಯಲ್ಲಿದ್ದವು.

ಹರಿದರೆ ಹರಿಯಲಿ. ಕಿತ್ತವರು ಯಾರೆಂದು ಅವನು ಕೇಳಲಾರ, ಕೇಳಿದರೆ ತಿಳಿದೂ ಹಾಗೇ ಬಿಟ್ಟದ್ದನ್ನು ಒಪ್ಪಿಕೊಂಡಂತೆ. ತಾನೂ ಹೇಳುವುದು ಬೇಡ.

ಸೆಲ್ಲಿನ ವೈರು ಬಿಚ್ಚಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವಳು ಇಕ್ಕಳ ಕೈಗೆತ್ತಿಕೊಂಡಳು.